ಮೊದಲ ಸೆಮ್‌ನಲ್ಲಿ 6.8. ಸ್ಕಾಲರ್‌ಶಿಪ್ ಉಳಿಯೋಕೆ ಈ ಸೆಮ್‌ನಲ್ಲಿ ಎಷ್ಟು ಬೇಕು?

ಪ್ರಶ್ನೆ (ವಿದ್ಯಾರ್ಥಿನಿ, ಮಂಡ್ಯ):
ಸರ್ ನಮಸ್ತೆ. ದಿನಾ ರೈಲಲ್ಲಿ ಮೈಸೂರಿಗೆ ಬಂದು ಇಂಜಿನಿಯರಿಂಗ್ ಓದ್ತಿದ್ದೀನಿ, ವಿಟಿಯು, ಮೊದಲನೇ ವರ್ಷ. ಒಂದು ಟ್ರಸ್ಟಿನವರು ಫೀಸ್ ಕಟ್ತಿದ್ದಾರೆ. ವರ್ಷದ ಕೊನೆಗೆ ಸಿಜಿಪಿಎ, ಅಂದ್ರೆ ಎಲ್ಲಾ ಸೆಮ್ ಸೇರಿ 10ಕ್ಕೆ ಬರೋ ಸರಾಸರಿ, 7.5 ಇದ್ರೆ ಮಾತ್ರ ಮುಂದಕ್ಕೂ ಕೊಡೋದಂತೆ. ಮೊದಲ ಸೆಮ್‌ನಲ್ಲಿ 6.8 ಬಂತು. ಒಂದೊಂದು ಸೆಮ್‌ಗೂ 20 ಕ್ರೆಡಿಟ್. ಎಲ್ಲಾ ಸಬ್ಜೆಕ್ಟಲ್ಲೂ 82 ತೆಗೀಬೇಕು ಅಂತ ಸೀನಿಯರ್ ಒಬ್ರು ಅಂದ್ರು. ಮನೇಲಿ ಇನ್ನೂ ಹೇಳಿಲ್ಲ.

ಉತ್ತರ (ಗಣಿತದ ಮೇಷ್ಟ್ರು, ಮೈಸೂರು):
ಸೀನಿಯರ್ ಲೆಕ್ಕ ಅರ್ಧ ಸರಿ ಕಣಮ್ಮ. ಕ್ರೆಡಿಟ್ ಅಂದ್ರೆ ಸಬ್ಜೆಕ್ಟಿನ ತೂಕ, ಅದನ್ನ ಗ್ರೇಡ್ ಪಾಯಿಂಟಿಂದ ಗುಣಿಸಬೇಕು. 40 ಕ್ರೆಡಿಟ್‌ಗೆ 7.5 ಅಂದ್ರೆ 300 ಪಾಯಿಂಟ್. 20 ಗುಣಿಸು 6.8, ಅಂದ್ರೆ 136 ಆಗಲೇ ನಿನ್ನ ಕೈಲಿದೆ. ಬಾಕಿ 164. ಅದನ್ನ 20ರಿಂದ ಭಾಗಿಸಿದ್ರೆ 8.2.

ಆದ್ರೆ 8.2 ಅಂದ್ರೆ 82 ಮಾರ್ಕ್ಸ್ ಅಲ್ಲ. ಗ್ರೇಡ್ ಪಾಯಿಂಟ್ ಮೆಟ್ಟಿಲಿನ ಹಾಗೆ. 70 ಬಂದ್ರೂ 8, 79 ಬಂದ್ರೂ 8. 69 ಬಂತೋ, 7ಕ್ಕೆ ಇಳೀತು. 80 ಮುಟ್ಟಿದ್ರೆ 9, 90 ಮುಟ್ಟಿದ್ರೆ 10. ಎಲ್ಲದರಲ್ಲೂ 70 ಮುಟ್ಟಿದ್ರೆ 160 ಪಾಯಿಂಟ್ ಆಯ್ತು. ಕಮ್ಮಿ ಬೀಳೋದು ನಾಲ್ಕೇ. 4 ಕ್ರೆಡಿಟ್‌ನ ಒಂದೇ ಸಬ್ಜೆಕ್ಟಲ್ಲಿ 80 ಬಂದ್ರೆ ಆ ನಾಲ್ಕೂ ಸಿಕ್ತು. 1 ಕ್ರೆಡಿಟ್‌ನವನ್ನೂ ಸಸಾರ ಮಾಡಬೇಡ. ಅಂಥವು ಮೂರಿದ್ದು, ಎರಡರಲ್ಲಿ 80, ಒಂದರಲ್ಲಿ 90 ಬಂದ್ರೂ ಅದೇ ನಾಲ್ಕು. ಎಲ್ಲರೂ ಅವನ್ನ ಕೊನೇ ರಾತ್ರಿಗೆ ಇಟ್ಕೊಳ್ತಾರೆ, ನನ್ನ ಮಗನೂ ಸೇರಿ.

ಪ್ರಶ್ನೆ (ಒಬ್ಬ ತಂದೆ, ಮದ್ದೂರು):
ಸಾರ್, ನಮ್ ಹುಡುಗ ಬಿಎಸ್ಸಿ. ಪಿಯುಸಿ ಮಾರ್ಕ್ಸ್ ಮೇಲೆ ಕೇಂದ್ರ ಸರ್ಕಾರದ್ದು ವರ್ಷಕ್ಕೆ 12,000 ಬರ್ತದೆ. ಅದಕ್ಕೂ 7.5 ಬೇಕಾ?

ಉತ್ತರ:
ಬೇಡ ಯಜಮಾನ್ರೇ. ಅದಕ್ಕೆ ಶೇ. 50 ಅಂಕ, ಶೇ. 75 ಹಾಜರಿ. ವರ್ಷ ವರ್ಷ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ರಿನ್ಯೂವಲ್ ಹಾಕಬೇಕು. ನಾನು ಕಂಡ ಹುಡುಗರು ಅಂಕಕ್ಕಿಂತ ಹಾಜರಿಯಲ್ಲೇ ಹೆಚ್ಚು ಎಡವಿದ್ದು. ಅದನ್ನ ಈಗಲೇ ವಿಚಾರಿಸಿ.

ಪ್ರಶ್ನೆ (ವಿದ್ಯಾರ್ಥಿನಿ):
ಸರ್, ಮ್ಯಾಥ್ಸ್ 4 ಕ್ರೆಡಿಟ್. ಇಂಟರ್ನಲ್ 50ಕ್ಕೆ 42 ಇದೆ. ಎಕ್ಸಾಮಲ್ಲಿ ಎಷ್ಟು ಬರೀಬೇಕು?

ಉತ್ತರ:
80ಕ್ಕೆ ಇನ್ನು 38 ಬೇಕು. ಪೇಪರ್ 100ಕ್ಕೆ, ಅದನ್ನ 50ಕ್ಕೆ ಇಳಿಸ್ತಾರೆ. ಹಾಗಾಗಿ 76 ಬರಬೇಕು. ಇಂಟರ್ನಲ್ 40 ಇರೋ ಸಬ್ಜೆಕ್ಟಲ್ಲಿ 70 ಮುಟ್ಟೋಕೆ ಪೇಪರಲ್ಲಿ 60 ಸಾಕು. ಸರಿಯಾಗಿ 70ಕ್ಕೇ ಗುರಿ ಇಡಬೇಡ, ಒಂದು ಮಾರ್ಕ್ ಜಾರಿದ್ರೆ 3 ಕ್ರೆಡಿಟ್ಟಿಗೆ ಮೂರು ಪಾಯಿಂಟ್ ಹೋಗ್ತದೆ. 74-75 ಅಂತ ಇಟ್ಕೋ. ರೀವ್ಯಾಲ್ಯುಯೇಷನ್ ನಂಬ್ಕೊಂಡು ಕೂರಬೇಡ, ಅದರ ರಿಸಲ್ಟ್ ಬರೋ ಹೊತ್ತಿಗೆ ಟ್ರಸ್ಟಿನ ತಾರೀಕು ಮುಗಿದಿರಬಹುದು.

ಆಮೇಲೆ, ಮನೇಲಿ ಹೇಳಿಬಿಡಮ್ಮ. ಈ ಲೆಕ್ಕದ ಚೀಟಿನೇ ತೋರಿಸು.