ಫುಟೇಜ್‌ಗೆ ‘ದೃಶ್ಯಸುರುಳಿ’ ಎನ್ನಬಹುದೇ?

ಅಂಗವಿಕಲ ಮಕ್ಕಳ ತಂದೆತಾಯಿಯರು ಓದುವ ಸಣ್ಣ ಪತ್ರಿಕೆಯೊಂದಕ್ಕೆ ನಾನು ಕ್ಯಾಂಪ್ ಜೆನೆಡ್ ಎಂಬ ಬೇಸಿಗೆ ಶಿಬಿರದ ಬಗ್ಗೆ ಬರೆಯುತ್ತಿದ್ದೇನೆ. ‘ಫುಟೇಜ್’, ಅಂದರೆ ಚಿತ್ರೀಕರಿಸಿಟ್ಟ ಮೂಲ ಫಿಲ್ಮು ಇಲ್ಲವೆ ಟೇಪು, ಎಂಬುದಕ್ಕೆ ಒಂದೇ ಒಂದು ಕನ್ನಡ ಪದ ಸಿಗದೆ ಬರವಣಿಗೆ ನಿಂತಿರುವುದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಈ ಶಿಬಿರ ನಡೆಯುತ್ತಿದ್ದದ್ದು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ. ನಮ್ಮ ಊರುಗಳಲ್ಲಿ ಮಧ್ಯಾಹ್ನಕ್ಕೆ ಮುಗಿದು ಮಕ್ಕಳು ಮನೆಗೆ ಮರಳುವ ಬೇಸಿಗೆ ಶಿಬಿರದಂತಲ್ಲದೆ, ಅಲ್ಲಿ ಅಂಗವಿಕಲ ಹುಡುಗ ಹುಡುಗಿಯರು ಮನೆಯವರನ್ನು ಬಿಟ್ಟು ವಾರಗಟ್ಟಲೆ ಒಟ್ಟಿಗೆ ಬದುಕುತ್ತಿದ್ದರು. 1971ರ ಬೇಸಿಗೆಯಲ್ಲಿ ಪೀಪಲ್ಸ್ ವಿಡಿಯೊ ಥಿಯೇಟರ್ ಎಂಬ ತಂಡದವರು ಅಲ್ಲಿಗೆ ಹೋಗಿ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಯಂತ್ರದಿಂದ ಆ ಮಕ್ಕಳ ಮಾತುಕತೆಯನ್ನು ಕಪ್ಪುಬಿಳುಪಿನಲ್ಲಿ ಹಿಡಿದಿಟ್ಟರು. ಅಂದು ಆ ಮಕ್ಕಳಲ್ಲಿ ಒಬ್ಬನಾಗಿದ್ದ ಜಿಮ್ ಲೆಬ್ರೆಕ್ಟ್, ಹಲವು ದಶಕಗಳಾದ ಮೇಲೆ ನಿಕೋಲ್ ನ್ಯೂನ್ಹಮ್ ಅವರೊಡನೆ ಸಾಕ್ಷ್ಯಚಿತ್ರಕ್ಕೆ ತೊಡಗಿದಾಗ, ಆ ತಂಡದ ಹೆಸರನ್ನು ನೆನಪಿಸಿಕೊಂಡು ಹುಡುಕಿ, ಗಂಟೆಗಟ್ಟಲೆ ಉದ್ದದ ಆ ಟೇಪುಗಳನ್ನು ಪಡೆದುಕೊಂಡರು. ಚಿತ್ರ 2020ರಲ್ಲಿ ತೆರೆಕಂಡಿತು. ಅದೇ ಶಿಬಿರದಲ್ಲಿ ಮಕ್ಕಳೊಡನಿದ್ದ ಜೂಡಿ ಹ್ಯೂಮನ್ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರ ಹಕ್ಕುಗಳಿಗಾಗಿ ಮೂರು ವಾರಕ್ಕೂ ಮಿಕ್ಕು ನಡೆದ ಧರಣಿಯ ಮುಂದಾಳು ಎಂಬುದನ್ನು ನೆನೆದರೆ, ಆ ಟೇಪುಗಳು ಉಳಿದದ್ದು ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಇಲ್ಲಿ ‘ಫುಟೇಜ್’ ಎಂಬುದಕ್ಕೆ ನಾನು ಏನೆಂದು ಬರೆಯಲಿ? ಆ ಪದದೊಳಗೆ ‘ಫುಟ್’, ಅಂದರೆ ಅಡಿಯ ಲೆಕ್ಕವಿದೆ. 16 ಎಂಎಂ ಫಿಲ್ಮಿನಲ್ಲಿ ಅಡಿಗೆ 40 ಚೌಕಟ್ಟುಗಳು (ಫ್ರೇಮುಗಳು) ಇರುತ್ತವೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿಸಿದರೆ 100 ಅಡಿಯ ಸುತ್ತು ಮೂರು ನಿಮಿಷವೂ ಬಾರದು. ಫಿಲ್ಮನ್ನು ಅಡಿಯಲ್ಲಿ ಅಳೆದವರಿಂದ ಹುಟ್ಟಿದ ಆ ಹೆಸರು ಜೆನೆಡ್‌ನ ಅರ್ಧ ಇಂಚು ಅಗಲದ ಕಾಂತಪಟ್ಟಿಗೆ (ವಿಡಿಯೊ ಟೇಪಿಗೆ) ಇಂಗ್ಲಿಷಿನಲ್ಲಿಯೇ ಎರವಲಾಗಿ ಅಂಟಿಕೊಂಡದ್ದು. ಹೀಗಿರುವಾಗ ಅಡಿಯ ಲೆಕ್ಕವನ್ನು ಕನ್ನಡಕ್ಕೆ ಹೊತ್ತು ತರುವ ಅಗತ್ಯ ನಮಗಿಲ್ಲ.

ಪತ್ರಿಕೆಗಳು ‘ದೃಶ್ಯಾವಳಿ’ ಎಂದೂ ‘ತುಣುಕು’ ಎಂದೂ ಬರೆಯುತ್ತವೆ. ದೃಶ್ಯಾವಳಿ ಎಂದೊಡನೆ ಕಣ್ಣಿಗೆ ಕಾಣುವ ನೋಟವಷ್ಟೇ ಮನಸ್ಸಿಗೆ ಬರುತ್ತದೆಯೇ ಹೊರತು, ಪೆಟ್ಟಿಗೆಯಲ್ಲಿ ಇಡಬಹುದಾದ, ಕೈಯಲ್ಲಿ ಹಿಡಿಯಬಹುದಾದ, ಕೆಡಬಹುದಾದ ಒಂದು ವಸ್ತು ಬರುವುದಿಲ್ಲ. ತುಣುಕು ಎಂಬುದು ಇಡಿಯಾದ ಯಾವುದರಿಂದಲೋ ಕತ್ತರಿಸಿ ತೆಗೆದದ್ದು. ನನ್ನ ಮುಂದಿರುವುದು ಅದಕ್ಕೆ ತೀರ ವಿರುದ್ಧವಾಗಿ ಯಾರೂ ಇನ್ನೂ ಕತ್ತರಿಸದಿದ್ದ ಮೂಲ. ‘ರೀಲು’ ಎನ್ನೋಣವೆಂದರೆ ‘ರೀಲು ಬಿಡುವುದು’ ನಮ್ಮಲ್ಲಿ ಸುಳ್ಳಿಗೆ ಹೆಸರಾಗಿದೆ, ಇತ್ತೀಚೆಗಂತೂ ಅದು ಮೊಬೈಲಿನ ಅರೆನಿಮಿಷದ ಕುಣಿತದ ಪಾಲಾಗಿದೆ.

ನನ್ನ ಮನಸ್ಸು ಒಲಿದಿರುವುದು ‘ದೃಶ್ಯಸುರುಳಿ’ ಎಂಬುದಕ್ಕೆ. ಕ್ಯಾಸೆಟ್ ಕಾಲದಲ್ಲಿ ನಮ್ಮ ಪತ್ರಿಕೆಗಳು ‘ಧ್ವನಿಸುರುಳಿ ಬಿಡುಗಡೆ’ ಎಂದು ಎಷ್ಟು ಸಲ ಅಚ್ಚು ಹಾಕಿಲ್ಲ! ಆ ಪದ ಯಾರ ವಿವರಣೆಯೂ ಇಲ್ಲದೆ ಮನೆಮನೆಗೆ ತಲುಪಿತು, ಏಕೆಂದರೆ ಸುರುಳಿ ಸುತ್ತಿಕೊಳ್ಳುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಅದರ ಜೊತೆಯ ಪದವಾಗಿ ದೃಶ್ಯಸುರುಳಿ ಫಿಲ್ಮಿಗೂ ಟೇಪಿಗೂ ಸಮನಾಗಿ ಸಲ್ಲುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಇದು ಅರಿಸಮಾಸವಾಯಿತಲ್ಲ ಎಂದು ಕೆಲವರು ತೆಗಳಬಹುದೆಂದು ಬಲ್ಲೆ. ಅರಿಸಮಾಸವನ್ನು ದೋಷವೆಂದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗಳಲ್ಲಿಯೂ ಹಿಂದಿನವರ ಪ್ರಯೋಗಗಳಲ್ಲಿಯೂ ಅದಕ್ಕೆ ಎಡೆಕೊಟ್ಟಿದ್ದಾನೆ. ಧ್ವನಿಸುರುಳಿಯನ್ನು ಒಪ್ಪಿದ ಕಿವಿ ದೃಶ್ಯಸುರುಳಿಯನ್ನು ಒಲ್ಲೆನೆನ್ನಲು ಕಾರಣ ನನಗೆ ಕಾಣುತ್ತಿಲ್ಲ.

ಕ್ರಿಯಾಪದದ ವಿಷಯದಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ‘ಪತ್ತೆಯಾಯಿತು’ ಎಂದು ಬರೆಯಲಾರೆ. ಕಳೆದುಹೋದದ್ದು ಪತ್ತೆಯಾಗುತ್ತದೆ, ಆ ತಂಡದವರು ಏನನ್ನೂ ಕಳೆದಿರಲಿಲ್ಲ, ಇಟ್ಟುಕೊಂಡಿದ್ದರು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿಯದ ನಾಡಿನವರಾದ ನಾವು, ಯಾರೋ ಜೋಪಾನ ಮಾಡಿದ್ದನ್ನು ನಮ್ಮ ಪತ್ತೆಯೆಂದು ಕರೆಯುವುದು ಆ ಜೋಪಾನಕ್ಕೆ ಅನ್ಯಾಯ. ಹಾಗಾಗಿ ‘ದೊರೆತವು’ ಎಂದೇ ಬರೆದಿದ್ದೇನೆ.

ಉಳಿದದ್ದು ‘ರಿಸ್ಟೊರೇಷನ್’, ಅಂದರೆ ಹಳೆಯ ಸುರುಳಿಯನ್ನು ಸರಿಪಡಿಸಿ ಉಳಿಸುವ ಕೆಲಸ. ಇದಕ್ಕೆ ‘ಜೀರ್ಣೋದ್ಧಾರ’ ಬಳಸಿದ್ದನ್ನು ನೋಡಿದ್ದೇನೆ, ಒಪ್ಪಲಾಗಿಲ್ಲ. ಗುಡಿಯ ಜೀರ್ಣೋದ್ಧಾರದಲ್ಲಿ ಸವೆದ ಕಲ್ಲು ತೆಗೆದು ಹೊಸದನ್ನು ಕೂರಿಸಿದರೂ ಗುಡಿ ಅದೇ ಗುಡಿ. ಸುರುಳಿಯ ಕೆಲಸ ಹಾಗಲ್ಲ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಸೆಕೆಗೆ, ತೇವಕ್ಕೆ ಒಡೆದು ವಿನಿಗರ್‌ನ ಹುಳಿವಾಸನೆ ಬೀರತೊಡಗಿದರೆ ಅದನ್ನು ಹಿಂದಿರುಗಿಸುವ ದಾರಿಯೇ ಇಲ್ಲ. ತಂಪಾದ ಒಣ ಕೋಣೆಯಲ್ಲಿಟ್ಟು ನಿಧಾನಗೊಳಿಸಬಹುದು, ಅಷ್ಟೆ. (1948ರಲ್ಲಿ ಬಂದ ಟ್ರೈಅಸಿಟೇಟ್ ಫಿಲ್ಮಿನ ಈ ಕೇಡಿನ ಬಗ್ಗೆ ಕೊಡಾಕ್ ಕಂಪನಿಗೆ ಮೊದಲ ದೂರು ಹೋದದ್ದು ಭಾರತ ಸರ್ಕಾರದಿಂದ.) ಆ ಕಾಲದ ಕೆಲವು ವಿಡಿಯೊ ಟೇಪುಗಳು ತೇವ ಹೀರಿ ಜಿಗುಟಾಗುತ್ತವೆ. ಅಂಥವನ್ನು ಸುಮಾರು 50 ಡಿಗ್ರಿ ಬಿಸಿಯಲ್ಲಿ ಹೊತ್ತುಗಟ್ಟಲೆ ಇಟ್ಟು ಒಣಗಿಸಿ, ಮತ್ತೆ ಜಿಗುಟಾಗುವ ಮೊದಲೇ ಓಡಿಸಿ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಇದು ಗರಿ ಮುರಿಯುವ ಮುನ್ನ ಮತ್ತೊಂದು ಕಟ್ಟಿಗೆ ಪ್ರತಿಮಾಡಿದ ನಮ್ಮ ಓಲೆಗರಿಯ ಲಿಪಿಕಾರರ ಕೆಲಸಕ್ಕೆ ಹತ್ತಿರವೇ ಹೊರತು ಶಿಲ್ಪಿಯ ಕೆಲಸಕ್ಕಲ್ಲ. ಆದ್ದರಿಂದ ವಸ್ತುವನ್ನು ‘ಕಾಪಿಡುವುದು’, ಅದರಲ್ಲಿರುವುದನ್ನು ‘ಪ್ರತಿಮಾಡುವುದು’ ಎಂದು ಎರಡು ಮಾತುಗಳಾಗಿ ಬಿಡಿಸಿ ಬರೆಯಬೇಕೆಂದಿದ್ದೇನೆ.

ಹಸ್ತಪ್ರತಿ ಭಂಡಾರಗಳಲ್ಲಿ, ಆಕಾಶವಾಣಿಯ ಟೇಪು ಸಂಗ್ರಹಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಈ ಎರಡನ್ನೂ ಒಳಗೊಳ್ಳುವ ಒಂದೇ ಮಾತು ನಿಮ್ಮ ನಿತ್ಯದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ದೃಶ್ಯಸುರುಳಿಗೆ ಆಕ್ಷೇಪವಿರುವವರು ಬದಲಿ ಪದವನ್ನು ವಾಕ್ಯದಲ್ಲಿ ಬಳಸಿ ತೋರಿಸಿದರೆ ನನಗೆ ಹೆಚ್ಚು ಉಪಕಾರವಾಗುತ್ತದೆ.