‘ಕೈಯಲ್ಲಿ ಚಾಕು ಇದೆ’ ಎಂದರೆ ಎರಡು ಗಾಡಿ ಬರುತ್ತವೆಯೇ?

ದೊಡ್ಡಪ್ಪ (ನಮ್ಮ ಮನೆಯವರ ಗುಂಪಿಗೆ ಫಾರ್ವರ್ಡ್): ಅಮೆರಿಕದಲ್ಲಿ ಒಂದೇ ಮನೆಗೆ ಐದು ಪೊಲೀಸ್ ಕಾರುಗಳು ಬಂದಿರುವುದನ್ನು ಈ ವಿಡಿಯೊದಲ್ಲಿ ನೋಡಿ. ಬೆಂಗಳೂರಿನಲ್ಲಿ ಬರುವುದು ಒಂದೇ ಹೊಯ್ಸಳ ಗಸ್ತು ಗಾಡಿ. ಆದ್ದರಿಂದ 112ಕ್ಕೆ ಕರೆ ಮಾಡಿದಾಗ ‘ಅವನ ಕೈಯಲ್ಲಿ ಚಾಕು ಇದೆ’ ಎಂದು ತಪ್ಪದೆ ಸೇರಿಸಿ. ಎಲ್ಲ ಹಿರಿಯರಿಗೂ ಕಳುಹಿಸಿ.

ದೊಡ್ಡಪ್ಪ: ಮಕ್ಕಳು ಹೊರದೇಶದಲ್ಲಿದ್ದು ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ನಮ್ಮ ಜಯನಗರದಲ್ಲಿ ಎಷ್ಟಿವೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಜೀವ ಉಳಿಸಿಕೊಳ್ಳಲು ಒಂದು ಮಾತು ಹೆಚ್ಚು ಹೇಳಿದರೆ ತಪ್ಪಿಲ್ಲ.

ಶ್ರೀಧರ ಭಾವ: ಮಾವ, ಇದನ್ನು ಬರೆದವರು ಯಾರು, ವಿಡಿಯೊ ಯಾವ ಊರಿನದು, ಯಾವಾಗಿನದು? ಸುಳ್ಳು ಮಾಹಿತಿ ಕೊಟ್ಟು ಪೊಲೀಸರನ್ನು ಓಡಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಮಿನಡಿ ಅಪರಾಧವೂ ಆಗಬಹುದು.

ದೊಡ್ಡಪ್ಪ: ಅರಿಶಿನದ ಬಗ್ಗೆ ನಾನು ಹೇಳಿದಾಗಲೂ ನೀವು ಹೀಗೆಯೇ ಆಧಾರ ಕೇಳಿದ್ದಿರಿ, ಅದೂ ಸುಮಳ ಸೀಮಂತದ ದಿನ, ನೆಂಟರೆಲ್ಲರ ಎದುರಿಗೆ. ಹಿರಿಯರೊಂದಿಗೆ ಹೇಗೆ ಮಾತನಾಡಬೇಕು ಎಂಬುದು ಮೊದಲು ತಿಳಿದಿರಬೇಕು.

ಸರೋಜತ್ತೆ: ಬಸವನಗುಡಿಯ ನಮ್ಮ ಹಳೆಯ ಮನೆಯ ಗೇಟಿಗೆ ತಗಡಿನ ಸಣ್ಣ ಡಬ್ಬಿಯೊಂದನ್ನು ಕಟ್ಟಿದ್ದರು, ಅದರೊಳಗೆ ಬೀಟ್ ಪುಸ್ತಕವಿರುತ್ತಿತ್ತು. ರಾತ್ರಿ ಲಾಠಿ ಕುಟ್ಟುತ್ತ ಬಂದ ಕಾನ್‌ಸ್ಟೇಬಲ್ ಅದರಲ್ಲಿ ಸಹಿ ಮಾಡಿ ಹೋಗುತ್ತಿದ್ದರು. ಬರುತ್ತಿದ್ದವರು ಒಬ್ಬರೇ, ನಮಗೆ ಅಷ್ಟೇ ಸಾಕಾಗಿತ್ತು.

ಸುಮಕ್ಕ: ದೊಡ್ಡಪ್ಪ, ಸೀಮಂತದ ಮಾತನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ನಾನು: ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೆಲವು ವರ್ಷ ಕರೆ ಸ್ವೀಕರಿಸಿದವಳಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ಅಮೆರಿಕದ ಬಹಳಷ್ಟು ಊರುಗಳಲ್ಲಿ ಒಂದು ಗಸ್ತು ಕಾರಿನಲ್ಲಿ ಒಬ್ಬರೇ ಇರುತ್ತಾರೆ. ಆಯುಧ, ಮನೆಯೊಳಗಿನ ಹೊಡೆದಾಟ, ಇನ್ನೂ ನಡೆಯುತ್ತಿರುವ ಕಳ್ಳತನ ಎಂದು ಕರೆ ಬಂದಾಗ ಅಂಥ ಕಡೆಗೆ ಒಬ್ಬರನ್ನೇ ಕಳುಹಿಸುವುದು ಅಪಾಯವಾದ್ದರಿಂದ ಎರಡನೆಯ ಕಾರನ್ನೂ ಹೊರಡಿಸುತ್ತಾರೆ, ಬಿಡುವಾಗಿರುವ ಅಕ್ಕಪಕ್ಕದವರೂ ವೈರ್‌ಲೆಸ್ ಕೇಳಿ ಅತ್ತ ತಿರುಗುತ್ತಾರೆ. ಮೊದಲು ತಲುಪಿದವರು ಇನ್ನು ಯಾರೂ ಬೇಡವೆಂದರೆ (ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ‘ಕೋಡ್ ಫೋರ್’ ಎನ್ನುತ್ತಾರೆ) ಉಳಿದವರು ಅರ್ಧ ದಾರಿಯಿಂದಲೇ ಹಿಂದಿರುಗುತ್ತಾರೆ. ಭಾವ ಕೇಳುವಂಥ ಆಧಾರವೂ ಇದೆ. ಕಾರಿಗೆ ಒಬ್ಬರು ಸಾಕೋ ಇಬ್ಬರು ಬೇಕೋ ಎಂಬುದನ್ನು ಸ್ಯಾನ್ ಡಿಯಾಗೊ ನಗರದಲ್ಲಿ ಪರೀಕ್ಷಿಸಿ ಪೊಲೀಸ್ ಫೌಂಡೇಶನ್ ಎಂಬ ಅಲ್ಲಿನ ಸಂಶೋಧನಾ ಸಂಸ್ಥೆ 1977ರಲ್ಲಿ ವರದಿ ಪ್ರಕಟಿಸಿತು. ಒಬ್ಬರಿರುವ ಕಾರುಗಳ ಕೆಲಸ ಇಬ್ಬರಿರುವ ಕಾರುಗಳಿಗಿಂತ ಕಡಿಮೆಯೇನೂ ಇರಲಿಲ್ಲ, ಖರ್ಚು ಮಾತ್ರ ಕಡಿಮೆಯಿತ್ತು. ನಮ್ಮ ಹೊಯ್ಸಳದಲ್ಲಿ ಸಾಮಾನ್ಯವಾಗಿ ಚಾಲಕರ ಜೊತೆ ಎಎಸ್‌ಐ ಅಥವಾ ಹೆಡ್ ಕಾನ್‌ಸ್ಟೇಬಲ್ ಇರುತ್ತಾರೆ, ಸಾಲದಿದ್ದರೆ ಅವರೇ ಠಾಣೆಯಿಂದ ಜನರನ್ನು ಕರೆಸಿಕೊಳ್ಳುತ್ತಾರೆ. ಗಾಡಿಗಳನ್ನು ಎಣಿಸಿ ಎರಡು ಊರುಗಳನ್ನು ಹೋಲಿಸಲಾಗದು.

ಇನ್ನು ಚಾಕುವಿನ ಮಾತು. ಒಂದು ರಾತ್ರಿ ಹನ್ನೊಂದೂವರೆಗೆ ‘ಕೆಳಗಿನ ಮನೆಯವನು ಮಚ್ಚು ಹಿಡಿದು ನಿಂತಿದ್ದಾನೆ’ ಎಂಬ ಕರೆ ನನಗೆ ಬಂತು. ಎರಡು ಗಾಡಿ ಹೋದವು. ಮಚ್ಚು ಇರಲಿಲ್ಲ, ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಜಗಳ ನಡೆದಿತ್ತು. ಅದೇ ಹೊತ್ತಿಗೆ ಪಕ್ಕದ ಬಡಾವಣೆಯಿಂದ ಒಬ್ಬ ಅಜ್ಜಿ ಪಿಸುದನಿಯಲ್ಲಿ ‘ಹಿತ್ತಲ ಬಾಗಿಲ ಚಿಲಕ ಅಲುಗಾಡುತ್ತಿದೆಯಮ್ಮ’ ಎಂದರು. ಹತ್ತಿರದ ಎರಡೂ ಗಾಡಿಗಳು ಜಗಳದ ಜಾಗದಲ್ಲಿದ್ದುದರಿಂದ ದೂರದ ಗಾಡಿಯನ್ನು ಕಳುಹಿಸಬೇಕಾಯಿತು. ಅದು ಬರುವವರೆಗೂ ಅಜ್ಜಿ ಫೋನ್ ಇಡಲಿಲ್ಲ, ಚಿಲಕದ ಸದ್ದು ನನಗೂ ಕೇಳಿಸುತ್ತಿತ್ತು. ಅದೂ ಮಕ್ಕಳು ಹೊರದೇಶದಲ್ಲಿರುವ ಮನೆಯೇ, ದೊಡ್ಡಪ್ಪ.

ವಿಳಾಸ, ಹತ್ತಿರದ ಗುರುತು, ಎಷ್ಟು ಜನರಿದ್ದಾರೆ, ಯಾರಿಗಾದರೂ ಪೆಟ್ಟಾಗಿದೆಯೇ, ನೀವು ಕಣ್ಣಾರೆ ಕಂಡದ್ದೇನು, ಇಷ್ಟನ್ನು ಹೇಳಿ. ಚಾಕು ಇದ್ದರೆ ಖಂಡಿತ ಹೇಳಿ. ಇಲ್ಲದ ಚಾಕುವನ್ನು ಹೇಳಿದರೆ, ಬರುವವರು ಲಾಠಿ ಬಿಗಿ ಹಿಡಿದೇ ಒಳಗೆ ಬರುತ್ತಾರೆ, ಎದುರಿಗೆ ಸಿಗುವುದು ನಿಮ್ಮ ಮನೆಯ ಕೆಲಸದ ಹುಡುಗನೇ ಆಗಿರಬಹುದು.

ದೊಡ್ಡಪ್ಪ: ಆ ಅಜ್ಜಿಗೆ ಏನಾಯಿತು?

ನಾನು: ಗಾಡಿಯ ದೀಪ ಕಂಡೊಡನೆ ಸದ್ದು ನಿಂತಿತು. ಅವರು ಕ್ಷೇಮವಾಗಿದ್ದರು.

ದೊಡ್ಡಪ್ಪ: ಸಂದೇಶವನ್ನು ಅಳಿಸಿದ್ದೇನೆ. ನೀನು ಹೇಳಿದ್ದಕ್ಕೆ ಅಳಿಸಿದೆ, ಶ್ರೀಧರ ಅವರು ಕೇಳಿದ್ದಕ್ಕಲ್ಲ. ವಾಕಿಂಗ್ ಗುಂಪಿನಲ್ಲಿ ಅಳಿಸಲು ಬರುತ್ತಿಲ್ಲ, ಅಲ್ಲಿಗೆ ನಿನ್ನ ಬರಹವನ್ನೇ ಕಳುಹಿಸಲೇ?

ನಾನು: ಕಳುಹಿಸಿ, ದೊಡ್ಡಪ್ಪ. ಅಜ್ಜಿಯ ವಿಷಯವನ್ನು ಮಾತ್ರ ಬಿಟ್ಟುಬಿಡಿ.