ಚೀನಿ ಭಾಷೆಯ ಟೀಚರನ್ನು ಗ್ರೂಪಿನಲ್ಲಿ ಕೇಳಿ: ‘ಸುಯ್ ಜೀ ಯಿಂಗ್ ಬ್ಯೆನ್’ ಯಾರಿಗೆ ಹೇಳಬಹುದು?

ವಿದ್ಯಾರ್ಥಿ: ಮೇಡಂ, ‘ಸುಯ್ ಜೀ ಯಿಂಗ್ ಬ್ಯೆನ್’ ಅಂದ್ರೆ ಏನು?

ಟೀಚರ್: ಸಂದರ್ಭ ಬದಲಾದ ಹಾಗೆ ತಕ್ಷಣ ದಾರಿ ಬದಲಿಸುವುದು. ಹೊಗಳಿಕೆಯ ಮಾತು. ಕರೆಂಟ್ ಹೋದಾಗ ಪ್ರೊಜೆಕ್ಟರ್ ಪರದೆ ಬಿಟ್ಟು ಬೋರ್ಡಿನ ಮೇಲೆ ಪಾಠ ಮುಗಿಸಿದವರಿಗೆ ಹೇಳಬಹುದು.

ವ್ಯಾಪಾರಿ: ನಾವು ಚೀನಾದ ಯೀವುವಿನಿಂದ ಪ್ಯಾಕಿಂಗ್ ಡಬ್ಬಿ ತರಿಸುತ್ತೇವೆ. ಕೇಳಿದ ಅಳತೆ ಇರಲಿಲ್ಲ, ಅವರೇ ಬೇರೆ ಹೊಂದಿಸಿ ಕಳಿಸಿದರು. ಥ್ಯಾಂಕ್ಸ್ ಮೆಸೇಜಿಗೆ ‘ಜ್ಯೆನ್ ಫಂಗ್ ಷಿ ದ್ವೊ’ ಬರೆಸಿದ್ದೇನೆ. ಗಾಳಿ ನೋಡಿ ಚುಕ್ಕಾಣಿ ತಿರುಗಿಸು ಅಂತ. ಎರಡೂ ಒಂದೇ ಅಲ್ವಾ?

ಟೀಚರ್: ಸರ್, ಇನ್ನೂ ಕಳಿಸಿಲ್ಲ ತಾನೇ? ದಯವಿಟ್ಟು ಕಳಿಸಬೇಡಿ. ಪದಗಳ ಅರ್ಥ ನೀವು ಹೇಳಿದ್ದೇ. ಬಳಕೆಯಲ್ಲಿ ಮಾತ್ರ ಅದು ನಿಂದೆ. ಯಾರ ಕೈ ಮೇಲಾಗುತ್ತೋ ಅವರ ಕಡೆ ವಾಲುವವನು, ನಂಬಬಾರದವನು ಅಂತ. ನಿಮಗಾಗಿ ಕಷ್ಟಪಟ್ಟವರಿಗೆ ಅದನ್ನು ಬರೆದರೆ ಮನಸ್ಸು ಮುರಿಯುತ್ತೆ. ‘ಸುಯ್ ಜೀ ಯಿಂಗ್ ಬ್ಯೆನ್’ ಹಾಕಿ. ಇಲ್ಲವೇ ನುಡಿಗಟ್ಟೇ ಬೇಡ, ‘ಶಿಯೆ ಶಿಯೆ’ (ಧನ್ಯವಾದ) ಅಂದು, ಆ ಡಬ್ಬಿಯಿಂದ ಎಷ್ಟು ಅನುಕೂಲವಾಯಿತು ಅಂತ ಬರೆಯಿರಿ.

ಸದಸ್ಯ 1: ನಮ್ಮಲ್ಲೂ ‘ಗಾಳಿ ಬಂದಾಗ ತೂರಿಕೋ’ ಅಂತ ಪಕ್ಷ ಬದಲಿಸುವವರಿಗೇ ಹೇಳೋದು.

ಸದಸ್ಯ 2: ಅದು ರೈತರ ಮಾತು. ಗಾಳಿ ಬಿದ್ದಾಗಲೇ ರಾಶಿ ತೂರಬೇಕು. ನಿಂದೆ ಹೇಗಾಗುತ್ತೆ?

ಸದಸ್ಯ 1: ಇವತ್ತಿನ ಬಳಕೆ ನೋಡಿ ಸ್ವಾಮಿ.

ಸದಸ್ಯ 2: ನೀವು ಕಣ ನೋಡೇ ಇಲ್ಲ ಅನ್ಸುತ್ತೆ.

ಸದಸ್ಯ 1: ಕಣದಲ್ಲೇ ಬೆಳೆದವನು ನಾನು. ನಾಲಿಗೆ ಬಿಗಿ ಹಿಡಿದು ಮಾತಾಡಿ.

ಸದಸ್ಯೆ: ಚೀನಿ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯ 3ನೇ ಹಂತಕ್ಕೆ ಯಾವ ಪುಸ್ತಕ ಓದಲಿ?

ಸದಸ್ಯ 3: ಫಾರ್ವರ್ಡ್ ಬಂದಿದೆ. ಚೀನಿಯಲ್ಲಿ ಬಿಕ್ಕಟ್ಟಿಗೆ ‘ವೇಯ್ ಜೀ’, ಅಂದ್ರೆ ಅಪಾಯ ಪ್ಲಸ್ ಅವಕಾಶ. ‘ಸುಯ್ ಜೀ ಯಿಂಗ್ ಬ್ಯೆನ್’ನಲ್ಲಿರುವ ‘ಜೀ’ ಅದೇನಾ?

ಟೀಚರ್: ಅಕ್ಷರ ಅದೇ. ಫಾರ್ವರ್ಡ್ ತಪ್ಪು. ಅಲ್ಲಿ ‘ಜೀ’ ಅಂದ್ರೆ ನಿರ್ಣಾಯಕ ಗಳಿಗೆ. ಅವಕಾಶಕ್ಕೆ ‘ಜೀ ಹ್ವೇಯ್’ ಅಂತ ಬೇರೆ ಪದ ಇದೆ. ಇದನ್ನು ಇನ್ನೊಂದು ಗ್ರೂಪಿಗೆ ತಳ್ಳಬೇಡಿ.

ಸದಸ್ಯ 4: ಮೇಡಂ, ಅರ್ಥ ಏನು?

ಟೀಚರ್: ಮೇಲಿದೆ.

ವಿದ್ಯಾರ್ಥಿ: ಬದಲಾಗದವರಿಗೂ ನುಡಿಗಟ್ಟು ಇದೆಯಾ?

ಟೀಚರ್: ‘ಕೆ ಜೋ ಚ್ಯೂ ಜ್ಯೆನ್’. ಕ್ರಿ.ಪೂ. 3ನೇ ಶತಮಾನದ ‘ಲ್ಯೂಶಿ ಚುನ್‌ಚ್ಯೂ’ ಗ್ರಂಥದ ಕತೆ. ಚೂ ರಾಜ್ಯದವನೊಬ್ಬನ ಕತ್ತಿ ದೋಣಿಯಿಂದ ನದಿಗೆ ಬಿತ್ತು. ಬಿದ್ದ ಜಾಗ ಅಂತ ದೋಣಿಯ ಅಂಚಿಗೆ ಗೀಟು ಹಾಕಿದ. ದೋಣಿ ಮುಂದೆ ಹೋಗಿ ನಿಂತ ಮೇಲೆ ಆ ಗೀಟಿನ ಕೆಳಗೆ ನೀರಿಗಿಳಿದು ಹುಡುಕಿದ. ಕಾಲ ಬದಲಾದರೂ ಹಳೇ ಕಾನೂನು ಹಿಡಿದು ಕೂರುವ ರಾಜರಿಗೆ ಹೇಳಿದ ಕತೆ ಅದು.

ಸದಸ್ಯ 5: ‘ವೇಯ್ ಜೀ’ ಅಂದ್ರೆ ಅಪಾಯ ಪ್ಲಸ್ ಅವಕಾಶ. ಎಲ್ಲರಿಗೂ ಶೇರ್ ಮಾಡಿ 🙏

ಟೀಚರ್: ಓದದೆ ಯಾಕ್ರೀ ಹಾಕ್ತೀರಿ? ಡಿಲೀಟ್ ಮಾಡಿ.

ವ್ಯಾಪಾರಿ: ಮೇಡಂ, ಅಂಗಡಿ ಹುಡುಗ ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದಾನೆ.

ಟೀಚರ್: ವೀಚಾಟ್ ಮೆಸೇಜ್ ಆ್ಯಪಲ್ಲಿ 2 ನಿಮಿಷ ದಾಟಿದರೆ ವಾಪಸ್ ಪಡೆಯೋಕಾಗಲ್ಲ. ಈಗಲೇ ಫೋನ್ ಮಾಡಿ. ಹೊಗಳಲು ಹೋಗಿ ಪದ ತಪ್ಪಾಯಿತು ಅಂತ ನೇರವಾಗಿ ಹೇಳಿ.